ಹೊಡೆದುಕೊಡುವ ಲಿಸಾರ್ದೊ

ಲಿಸಾರ್ದೊ ತೆನೆಸಾಕಾ ನ್ಯೂಯಾರ್ಕಿಗೆ ಬಂದ ಮೇಲೆ ಸಿಟ್ಟಿನಿಂದ ಯಾರ ಮೇಲೂ ಕೈ ಎತ್ತಿದವನಲ್ಲ. ಅವನು ಮುರಿದ ಮೂಗು, ಉದುರಿಸಿದ ಹಲ್ಲು, ತಿರುಚಿದ ತೋಳು ಎಲ್ಲವೂ ಯಾರೋ ಕೇಳಿಕೊಂಡರು ಅಂತ ಮಾಡಿಕೊಟ್ಟ ಕೆಲಸ. ನೆರೆಮನೆಯ ಬಾಗಿಲಿಗೆ ಚಿಲಕ ಕೂರಿಸಿಕೊಟ್ಟ ಹಾಗೆ, ಮುದುಕಿಯ ಮೂಟೆ ಹೊತ್ತುಕೊಟ್ಟ ಹಾಗೆ, ಹೊಡೆದುಕೊಟ್ಟ. ಅಷ್ಟೇ.

ನಾವು ಈಕ್ವೆಡಾರಿನ ಬೆಟ್ಟದ ಸೀಮೆಯವರು, ಕಾನ್ಯಾರ್ ಕಡೆಯವರು. ನಮ್ಮ ಬಾಯಲ್ಲಿ 'ಕೊಡು' ಸೇರದ ಕೋರಿಕೆಯೇ ಇಲ್ಲ. ಉಪ್ಪು ದಾಟಿಸಿಕೊಡು, ಮಗು ಎತ್ತಿಕೊಡು, ಹಂದಿ ಕೊಂದುಕೊಡು. ಬರೀ 'ಮಾಡು' ಅಂದರೆ ಅದು ಧಣಿ ಆಳಿಗೆ ಹೇಳುವ ಮಾತು. ತಲೆತಲಾಂತರ ಅದನ್ನು ಕೇಳಿಸಿಕೊಂಡು ಬೇಸತ್ತ ಜನ ನಾವು. ಇನ್ನೊಂದು ರಿವಾಜೂ ಇದೆ. ಕೇಳುವ ಉಪಕಾರ ದೊಡ್ಡದಾದಷ್ಟೂ ಮಾತು ಚಿಕ್ಕದಾಗಬೇಕು. ಇಂಥದ್ದನ್ನು, ಇಂಥವರನ್ನು ಅಂತ ಬಿಡಿಸಿ ಹೇಳುವುದು ಒರಟುತನ. ಎದುರಿಗಿದ್ದವರೇ ಅರ್ಥ ಮಾಡಿಕೊಳ್ಳಬೇಕು. ನಮ್ಮ ಜೊತೆ ದುಡಿಯುವ ಕೊಲಂಬಿಯದವರಿಗೆ ಇದೊಂದು ತಮಾಷೆ. "ಏನ್ರಯ್ಯಾ, ಕೊಲ್ಲೋದನ್ನೂ ದಾನ ಮಾಡ್ತೀರಲ್ಲ ನೀವು!" ಅಂತ ಹೊಟ್ಟೆ ಹಿಡಿದು ನಗುತ್ತಾರೆ. ನಗಲಿ.

ಭಾನುವಾರ ಬಂತೆಂದರೆ ನಾವೆಲ್ಲ ಪಾರ್ಕಿನಲ್ಲಿ. ಈ ಊರಿನ ಒಲೆಗಳ ಬೂದಿ ತಂದು ಸುರಿಯುತ್ತಿದ್ದ ಜೌಗು ನೆಲವಂತೆ ಅದು. ಅದರ ಮೇಲೆ ಜಗತ್ತಿನ ಮೇಳವನ್ನು ಎರಡು ಸಲ ಕಟ್ಟಿದರು, ಎರಡು ಸಲವೂ ಕಿತ್ತರು. ಕೀಳಲಾಗದೆ ಉಳಿದದ್ದು ನಮ್ಮ ಪಾಲಿಗೆ ಬಂತು: ಕಾರಂಜಿಯ ಕೊಳದ ನಡುವೆ ಉಕ್ಕಿನ ಭೂಗೋಳ, ಅದರಾಚೆ ತುಕ್ಕು ಹಿಡಿದ ಗೋಪುರಗಳು. ಭೂಗೋಳಕ್ಕೆ ನಾವು ದೊಡ್ಡ ಚೆಂಡು ಅನ್ನುತ್ತೇವೆ. ಅದರ ಆಚೆಯ ಹುಲ್ಲಿನಲ್ಲಿ ನಮ್ಮ ವಾಲಿಬಾಲ್ ನಡೆಯುತ್ತದೆ. ಒಂದೊಂದು ಕಡೆಗೆ ಮೂರೇ ಜನ, ಬಲೆ ಆಳೆತ್ತರಕ್ಕಿಂತ ಬಹಳ ಮೇಲೆ, ಆಡುವುದು ಫುಟ್‌ಬಾಲಿನಲ್ಲಿ. ಬೇರೆಯವರು ನೋಡಿ ಇದೆಂಥ ಆಟ ಅಂತಾರೆ. ಬಲೆಯ ಕಂಬದ ಪಕ್ಕ ನಿಂತು ಅಂಕ ಕೂಗುವವನು ನಾನು. ಆದ್ದರಿಂದ ಆದದ್ದೆಲ್ಲ ನನ್ನ ಕಣ್ಣೆದುರಿಗೇ ಆಯಿತು.

ಲಿಸಾರ್ದೊ ಜ್ಞಾನಸ್ನಾನದಲ್ಲಿ ನನ್ನ ಮಗಳನ್ನು ಎತ್ತಿಕೊಂಡ ಧರ್ಮಪಿತ. ಆ ಲೆಕ್ಕದಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆ. ಮಿಕ್ಕವರಿಗೆಲ್ಲ ಅವನು ತಾಯ್ತಾ, ಅಂದರೆ ಅಪ್ಪನ ಸಮಾನ. ಗಿಡ್ಡ ಆಳು, ಮರದ ಕೊರಡಿನಂಥ ಕತ್ತು. ವಾರವೆಲ್ಲ ರೈಲಿನ ಮೇಲ್ಸೇತುವೆ ಕೆಳಗಿನ ಕೋಳಿ ಅಂಗಡಿಯಲ್ಲಿ ಗಿರಾಕಿ ತೋರಿಸಿದ ಕೋಳಿಯ ಕತ್ತು ಕೊಯ್ಯುವ ಕೆಲಸ. ಭಾನುವಾರ ಮಾತ್ರ ಬಿಳಿ ಅಂಗಿ, ಕರಿ ಟೊಪ್ಪಿ. ಕಾರಂಜಿಯ ಕಟ್ಟೆ ಮೇಲೆ ಕೂತು ಆಟ ನೋಡುತ್ತಿದ್ದ. ಅವನ ಪಕ್ಕ ಯಾರಾದರೂ ಬಂದು ಸುಮ್ಮನೆ ಕೂತರೆ ನಮಗೆಲ್ಲ ಗೊತ್ತಾಗುತ್ತಿತ್ತು: ಇವತ್ತು ಯಾರಿಗೋ ಬೀಳಲಿದೆ.

ಸೀಬೆಹಣ್ಣಿನ ನೊರೆಯುಂಡೆ ಮಾರುವ ಇನೆಸ್ ಒಂದು ಸಲ ಹಾಗೆ ಬಂದು ಕೂತಳು. ಕತ್ತಿನ ಮೇಲೆಲ್ಲ ಹಚ್ಚೆ ಹಾಕಿಸಿಕೊಂಡ ಪುಂಡನೊಬ್ಬ ಭಾನುವಾರ ಭಾನುವಾರ ಬಂದು ಅವಳ ತಟ್ಟೆಗೆ ಕಾಲಿನಿಂದ ಒದ್ದು ಹೋಗುತ್ತಿದ್ದ.

"ತಾಯ್ತಾ, ಒಂದ್ಸಲ ಹೊಡೆದ್ಕೊಡಿ."

"ಎಷ್ಟು?"

"ನೀವೇ ನೋಡಿ. ಮತ್ತೆ ಈ ಕಡೆ ತಲೆ ಹಾಕ್ಬಾರ್ದು, ಅಷ್ಟು. ಸಾಯೋದು ಬೇಡ ಪಾಪ, ತಾಯಿ ಇದಾಳಂತೆ."

ಲಿಸಾರ್ದೊ ಟೊಪ್ಪಿ ತೆಗೆದು ಅವಳ ಕೈಗಿಟ್ಟ. ಕೇಳಿದವರ ಕೈಯಲ್ಲೇ ಟೊಪ್ಪಿ ಕೊಟ್ಟು ಹೋಗುವುದು ಅವನ ಪದ್ಧತಿ. ನಡೆದು ಹೋಗಿ ಪುಂಡನ ಕಿವಿಯ ಕೆಳಗೆ ಒಂದು ಬಿಟ್ಟ. ಅವನು ಮಂಡಿಯೂರಿದ. ಕೂದಲು ಹಿಡಿದು ಎಳೆದು ತಂದು ಕೊಳದ ಕಟ್ಟೆಗೆ ದವಡೆ ಅಪ್ಪಳಿಸಿದ. ಹಸಿ ಜೋಳದ ದಂಟು ಮುರಿದ ಹಾಗೆ ಸದ್ದಾಯಿತು. ಮತ್ತೊಮ್ಮೆ ಅಪ್ಪಳಿಸಿದ. ಪುಂಡ ಉಗುಳಿದ ಹಲ್ಲು ನೀರಿಗೆ ಬಿತ್ತು. ಲಿಸಾರ್ದೊ ಅದೇ ನೀರಿನಲ್ಲಿ ಕೈ ತೊಳೆದುಕೊಂಡು ಬಂದು, ಟೊಪ್ಪಿ ಹಾಕಿಕೊಂಡು, ಅವಳು ಕೊಟ್ಟ ನೊರೆಯುಂಡೆ ನೆಕ್ಕಿದ.

"ಸಿಹಿ ಸ್ವಲ್ಪ ಜಾಸ್ತಿ ಆಯ್ತಲ್ಲ ಇನೆಸ್."

ನಾನೊಮ್ಮೆ ಕೇಳಿದೆ, "ಕೊಂಪಾದ್ರೆ, ಯಾಕೆ ಅಂತ ಒಂದಿನಾನೂ ಕೇಳಲ್ವಲ್ಲ ನೀವು?"

"ಯಾಕೆ ಅಂತ ಕೇಳಿದ್ರೆ ಆಮೇಲೆ ನ್ಯಾಯಾನೂ ನಾನೇ ಹೇಳ್ಬೇಕಾಗ್ತದೆ. ನಾನು ಬರೀ ಕೈ."

"ಯಾರೂ ಕೇಳ್ದೆ ಇದ್ರೆ?"

"ಕೇಳ್ದೆ ಹೊಡೆದ್ರೆ ಅದು ನನ್ನ ಜಗಳ. ನನ್ನ ಜಗಳ ಊರಲ್ಲೇ ಮುಗಿಸಿ ಬಂದಿದೀನಿ."

ಆ ಊರಿನ ಜಗಳ ನಮಗೆಲ್ಲ ತಿಳಿದದ್ದೇ. ಕಾರ್ನಿವಾಲ್ ದಿನ ಮೇಲಿನ ಹಳ್ಳಿ, ಕೆಳಗಿನ ಹಳ್ಳಿ ಎರಡೂ ಗುಡ್ಡದ ಮೇಲೆ ಎದುರುಬದುರಾಗಿ ಕವಣೆ ಬೀಸುತ್ತಿದ್ದ ಕಾಲ. ನೆಲಕ್ಕೆ ಬಿದ್ದ ರಕ್ತ ಬೆಟ್ಟಕ್ಕೆ ಸೇರಿದ್ದು. ಅದಕ್ಕೆ ದೂರಿಲ್ಲ, ಸೇಡಿಲ್ಲ. ಒಂದು ವರ್ಷ ಹಾರಿ ಬಂದ ಕಲ್ಲಿಗೆ ಲಿಸಾರ್ದೊನ ಅಣ್ಣನ ಹಣೆ ಒಡೆದು ಹೋಯಿತು. ತಮ್ಮನಿಗೆ ಕಣ್ಣು ಕತ್ತಲಿಟ್ಟಿತು. ಕವಣೆ ಹಿಡಿದು ಎದುರಿಗೆ ನಿಂತಿದ್ದವನನ್ನು ಕೆಡವಿ, ಅದೇ ಕಲ್ಲಿನಿಂದ ಮುಖ ಮುಖವಾಗಿ ಉಳಿಯದಂತೆ ಜಜ್ಜಿದ. ಅವನು ಸತ್ತ. ಆಮೇಲೆ ತಿಳಿಯಿತು, ಕಲ್ಲು ಬೀಸಿದವನು ಅವನಲ್ಲ, ಅವನ ಹಿಂದೆ ನಿಂತಿದ್ದವನು. ಅಂದಿನಿಂದ ಲಿಸಾರ್ದೊ ತನ್ನ ಸಿಟ್ಟನ್ನು ನಂಬುವುದನ್ನು ಬಿಟ್ಟ. ಇನ್ನೊಬ್ಬರು ಬಾಯಿಬಿಟ್ಟು ಕೇಳಿದ್ದನ್ನು ಮಾತ್ರ ನಂಬಿದ.

ಈಗ ವಿಲ್ಮೆರ್ ಕಿಶ್ಪಿಯ ವಿಷಯ. ನಮ್ಮ ಪಾರ್ಕಿನಲ್ಲಿ ಅವನಂಥ ಆಟಗಾರ ಇರಲಿಲ್ಲ. ಚೆಂಡು ಅವನ ಬೆರಳಿಗೆ ಹಕ್ಕಿ ಗೂಡಿಗೆ ಇಳಿದ ಹಾಗೆ ಇಳಿಯುತ್ತಿತ್ತು. ಆ ಬೆರಳುಗಳೇ ಮನೆಯಲ್ಲಿ ಹೆಂಡತಿಯ ಕತ್ತು ಹಿಚುಕುತ್ತಿದ್ದವು. ಅವಳು ನಾರ್ಸಿಸಾ. ಅಂಗಡಿಯ ತಳ್ಳುಬುಟ್ಟಿಯಲ್ಲಿ ಬಿಸಿ ಪಾತ್ರೆಗಳನ್ನಿಟ್ಟುಕೊಂಡು ಬೇಯಿಸಿದ ಜೋಳ, ಸುಟ್ಟ ಹಂದಿಮಾಂಸ ಮಾರಲು ಬರುತ್ತಿದ್ದಳು. ಉರಿಬಿಸಿಲಿನಲ್ಲೂ ಉದ್ದ ತೋಳಿನ ಅಂಗಿ.

"ಏನೇ ನಾರ್ಸಿಸಾ, ಮತ್ತೆ ಬಾಗ್ಲು ಬಡೀತಾ?" ಅಂತ ಇನೆಸ್ ಕೇಳುವಳು.

"ಹೂಂ ಕಣಕ್ಕಾ, ಬಾಗ್ಲು."

"ನಿಮ್ಮನೆ ಬಾಗ್ಲಿಗೆ ಉಂಗುರ ಬೇರೆ ಇದೆ ಅನ್ನು. ಕೆನ್ನೆ ಮೇಲೆ ಅಚ್ಚು ಬಿದ್ದಿದೆ."

ಪಕ್ಕದಲ್ಲಿ ಕೂತ ಮುದುಕಿ ಎತೆಲ್ವಿನಾ ನಮ್ಮ ಕಡೆಯ ಹಳೆ ಗಾದೆ ಎತ್ತಿಕೊಳ್ಳುವಳು. "ಹೊಡೆದ್ರೂ ಕೊಂದ್ರೂ ಗಂಡ ಗಂಡನೇ ಕಣಮ್ಮಾ."

"ನಿನ್ನ ಗಂಡ ಸತ್ತು ಎಷ್ಟು ವರ್ಷ ಆಯ್ತಜ್ಜೀ? ಅದಕ್ಕೇ ಅಷ್ಟು ಪ್ರೀತಿ," ಅಂತ ಇನೆಸ್ ತಿರುಗಿ ಕುಟುಕುವಳು. ಎಲ್ಲರೂ ನಗುವರು. ನಾರ್ಸಿಸಾಳೂ ನಗುವಳು, ಒಡೆದ ತುಟಿ ಹಿಗ್ಗದಂತೆ ಕೈ ಅಡ್ಡ ಇಟ್ಟುಕೊಂಡು.

ಇನೆಸ್ ತಡೆಯಲಾರದೆ ಲಿಸಾರ್ದೊಗೆ ಹೇಳಿಯೂ ಇದ್ದಳು. "ಆ ವಿಲ್ಮೆರ್‌ಗೆ ಹೊಡೆದ್ಕೊಡಿ ತಾಯ್ತಾ."

"ನಿಂಗೆ ಹೊಡೆದ್ನಾ ಅವನು?"

"ನಂಗೆ ಹೊಡೆದ್ರೆ ನಿಮ್ಮನ್ನ ಯಾಕೆ ಕರೀಲಿ, ನಾನೇ ಕಚ್ಚಿ ಹಾಕ್ತೀನಿ."

"ಹಾಗಾದ್ರೆ ಹೊಡೆಸ್ಕೊಂಡೋಳು ಕೇಳ್ಲಿ."

ಹೊಡೆಸಿಕೊಂಡವಳು ಕೇಳಲಿಲ್ಲ. ಒಂದು ಬೇಸಿಗೆ ಹೋಯಿತು, ಇನ್ನೊಂದು ಹೋಯಿತು. ಅವಳು ಕಟ್ಟೆಯ ಮುಂದೆ ಹಾದು ಹೋದಾಗಲೆಲ್ಲ ಲಿಸಾರ್ದೊ ಕೊಂಚ ಸರಿದು ಪಕ್ಕದಲ್ಲಿ ಜಾಗ ಮಾಡುತ್ತಿದ್ದ. ಅವಳು ನಮಸ್ಕಾರ ಹೇಳಿ ತಳ್ಳುಬುಟ್ಟಿ ತಳ್ಳಿಕೊಂಡು ಮುಂದೆ ಹೋಗುತ್ತಿದ್ದಳು.

ಆಗಸ್ಟಿನ ಒಂದು ಭಾನುವಾರ ಅವಳು ಬಂದು ಆ ಜಾಗದಲ್ಲಿ ಕೂತಳು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಎಡ ತೋಳನ್ನು ಶಾಲಿನಿಂದ ಕತ್ತಿಗೆ ಕಟ್ಟಿಕೊಂಡಿದ್ದಳು. ಬಲೆಯ ಹತ್ತಿರ ವಿಲ್ಮೆರ್ ಚೆಂಡು ಎತ್ತಿ ಬಿಡುತ್ತಿದ್ದ, ಜನ ಕೇಕೆ ಹಾಕುತ್ತಿದ್ದರು.

"ತಾಯ್ತಾ," ಅಂದಳು, "ಬರೋ ಭಾನುವಾರ ಬಂದು ಕೊಂದ್ಕೊಡ್ತೀರಾ?"

ಲಿಸಾರ್ದೊ ಬಲೆಯ ಕಡೆ ನೋಡಿದ. "ಕೊಲ್ಲಲೇಬೇಕಾ?"

"ಇನ್ನೆಷ್ಟು ದಿನ ಅಂತ ಸಾಕ್ಲಿ ತಾಯ್ತಾ? ತಿಂದು ತಿಂದು ಕೊಬ್ಬಿದ್ದು ಸಾಕು. ಮೊನ್ನೆ ಗೋಡೆಗೆ ಒತ್ತಿ ಹಾಕಿದ್ರಲ್ಲಿ ನನ್ನ ತೋಳು ನೋಡಿ. ನಂಗೆ ಹತ್ರ ಹೋಗೋಕೇ ಭಯ."

"ಮಕ್ಳು?"

"ಬೆಳಿಗ್ಗೇನೇ ಅಕ್ಕನ ಮನೆಗೆ ಕಳಿಸ್ತೀನಿ, ಅವರು ನೋಡ್ಬಾರ್ದು. ಒಂದೇ ಏಟಿಗೆ ಮುಗೀಬೇಕು ತಾಯ್ತಾ. ಕಿರುಚಾಟ ಆದ್ರೆ ಪಕ್ಕದ ಚೀನೀಯೋರು ಪೊಲೀಸ್ರಿಗೆ ಫೋನ್ ಮಾಡ್ತಾರೆ. ಯಾರಿಗೂ ಹೇಳ್ಬೇಡಿ, ಅವರಿಗೆ ಗೊತ್ತಾದ್ರೆ ನಾನು ಕೆಟ್ಟೆ."

"ಆಯ್ತು," ಅಂದ ಲಿಸಾರ್ದೊ. "ಮಾಡ್ಕೊಡ್ತೀನಿ."

ನಾರ್ಸಿಸಾ ಹೇಳಿದ್ದು ಹಂದಿಯ ಮಾತು. ಚಿಕ್ಕ ಮಗುವಿನ ಜ್ಞಾನಸ್ನಾನಕ್ಕೆಂದು ಹಿತ್ತಲಿನ ಗರಾಜಿನಲ್ಲಿ ಗುಟ್ಟಾಗಿ ಸಾಕಿದ್ದ ಹಂದಿ. ಈ ಊರಿನಲ್ಲಿ ಮನೆಯಲ್ಲಿ ಹಂದಿ ಸಾಕುವುದೂ ತಪ್ಪು, ಕೊಲ್ಲುವುದೂ ತಪ್ಪು. ಅದಕ್ಕೇ ಆ ಪಿಸುಮಾತು. ಕಣ್ಣು ಊದಿಸಿದ್ದು ಗಂಡನೇ, ಆದರೆ ತೋಳು ನೋಯಿಸಿದ್ದು ಹಂದಿ. ನಮ್ಮ ಬೆಟ್ಟದ ಊರಿನಲ್ಲಿ ಲಿಸಾರ್ದೊನ ಕೈಯಷ್ಟು ಹಗುರ ಕೈ ಇನ್ನೊಂದಿರಲಿಲ್ಲ, ಅವನು ಕೊಂದ ಹಂದಿ ಕಿರುಚುವುದಿಲ್ಲ ಅಂತ ಅವಳ ಅವ್ವ ಹೇಳುತ್ತಿದ್ದದ್ದು ನೆನಪಿಟ್ಟುಕೊಂಡು ಬಂದಿದ್ದಳು.

ಲಿಸಾರ್ದೊಗೆ ಕೇಳಿಸಿದ್ದು ಬೇರೆ. ಎಷ್ಟೋ ಕಾಲದಿಂದ ಅವಳ ಬಾಯಿಂದ ಯಾವ ಮಾತಿಗೆ ಕಿವಿಗೊಟ್ಟು ಕೂತಿದ್ದನೋ ಅದೇ ಕೇಳಿಸಿತು. 'ಯಾರನ್ನ' ಅಂತ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳುವುದು ಒರಟುತನ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದಂತಾಯಿತು.

ಆ ವಾರ ಅವನನ್ನು ನೋಡಿದವರು ಆಮೇಲೆ ಹೇಳಿದ್ದಿಷ್ಟು: ಕೋಳಿ ಅಂಗಡಿಯಲ್ಲಿ ತನ್ನ ಕತ್ತಿಗಳನ್ನೆಲ್ಲ ಜೊತೆಯವನಿಗೆ ಕೊಟ್ಟು, ಹಂದಿ ಇರಿಯುವ ಸಣ್ಣಲಗಿನ ಚೂರಿಯೊಂದನ್ನು ಮಾತ್ರ ಇಟ್ಟುಕೊಂಡ. ಕ್ಷೌರ ಮಾಡಿಸಿಕೊಂಡ. ನನ್ನ ಮಗಳನ್ನು ಕರೆದು ತಲೆ ಮೇಲೆ ಕೈಯಿಟ್ಟು ಹರಸಿದ. ಯಾಕಪ್ಪಾ ಇದ್ದಕ್ಕಿದ್ದ ಹಾಗೆ ಅಂದುಕೊಂಡೆ, ಕೇಳಲಿಲ್ಲ.

ಅವಳ ಮನೆಯಲ್ಲಿ ಕೆಲಸ ಮುಗಿಸಿದರೆ ರಕ್ತ ಅವಳ ಮನೆಯಲ್ಲಿ ಬೀಳುತ್ತದೆ, ಪೊಲೀಸರು ಅವಳನ್ನೇ ಹಿಡಿಯುತ್ತಾರೆ. ಪಾರ್ಕಿನಲ್ಲಿ ನಾಲ್ಕು ಜನರೆದುರು ಮಾಡಿದರೆ ಎಲ್ಲವೂ ತನ್ನ ಕತ್ತಿಗೇ ಬರುತ್ತದೆ. ಅವನ ಲೆಕ್ಕ ಇದು. ಇದನ್ನು ಅವನೇ ನನಗೆ ಹೇಳಿದ್ದು, ಜೈಲಿನ ಗಾಜಿನ ಆಚೆಯಿಂದ.

ಭಾನುವಾರ ಬೆಳಗಾಯಿತು. ನಾರ್ಸಿಸಾ ಮಕ್ಕಳನ್ನು ಕಳಿಸಿ, ನೀರು ಕುದಿಯಲಿಟ್ಟು, ಚರ್ಮ ಸುಡಲು ಗ್ಯಾಸಿನ ಉರಿಕೊಳವೆ ತಂದಿಟ್ಟು, ರಕ್ತ ಹಿಡಿಯುವ ಎನಾಮಲ್ ಬೇಸಿನ್ನಿಗೆ ಉಪ್ಪು ಹಾಕಿಕೊಂಡು ಗರಾಜಿನ ಬಾಗಿಲಲ್ಲಿ ಕಾದಳು. ವಿಲ್ಮೆರ್ ಎಂದಿನಂತೆ ಆಟಕ್ಕೆ ಹೋಗಿಯಾಗಿತ್ತು. ಬಿಸಿಲೇರಿತು. ಲಿಸಾರ್ದೊನ ಸುಳಿವಿಲ್ಲ. ನೆಂಟರು ಬರುವ ಹೊತ್ತಾಯಿತು, ಹಂದಿ ಇನ್ನೂ ಗೊರಗುಟ್ಟುತ್ತಿದೆ. ರೇಗಿಹೋಯಿತು ಅವಳಿಗೆ. ಕಟ್ಟಿದ ಏಪ್ರನ್ ಬಿಚ್ಚದೆ, ಕೈಯ ಬೇಸಿನ್ ಕೆಳಗಿಡದೆ, ದಾರಿಯುದ್ದಕ್ಕೂ ಉಪ್ಪು ಚೆಲ್ಲುತ್ತ ಪಾರ್ಕಿಗೆ ಹೊರಟಳು.

ಇತ್ತ ಲಿಸಾರ್ದೊ ನನ್ನ ಪಕ್ಕ ಬಂದು ನಿಂತಿದ್ದ. ತಲೆಯ ಮೇಲೆ ಟೊಪ್ಪಿ ಇರಲಿಲ್ಲ.

"ಈ ಆಟ ಮುಗೀಲಿ ಕೊಂಪಾದ್ರೆ," ಅಂದ.

ಆಟ ಮುಗಿಯಿತು, ವಿಲ್ಮೆರ್ ಗೆದ್ದ. ಎರಡೂ ತೋಳೆತ್ತಿ ಕುಣಿಯುತ್ತಿದ್ದವನ ಮುಂದೆ ಲಿಸಾರ್ದೊ ಬಲೆಯ ಕೆಳಗಿಂದ ನುಗ್ಗಿ ಹೋಗಿ ನಿಂತ.

"ಏನ್ ತಾತ, ಆಡ್ಬೇಕಾ?" ಅಂದ ವಿಲ್ಮೆರ್. "ಬಲೆ ಇಳಿಸ್ಲಾ, ನಿನ್ನ ಎತ್ತರಕ್ಕೆ?"

ಜನ ನಕ್ಕರು. ಆ ನಗು ನಿಲ್ಲುವ ಮೊದಲೇ ಲಿಸಾರ್ದೊನ ಮುಷ್ಟಿ ಅವನ ಗಂಟಲಿಗೆ ಬಿತ್ತು.

ವಿಲ್ಮೆರ್ ಹರೆಯದವನು, ಬಿದ್ದವನು ಪುಟಿದೆದ್ದ. ಮೊಣಕಾಲಿನಿಂದ ಮುದುಕನ ಹೊಟ್ಟೆಗೆ ಗುದ್ದಿದ, ತಬ್ಬಿ ಹಿಡಿದು ಕಿವಿಯ ತುದಿ ಕಚ್ಚಿ ಹರಿದು ಉಗುಳಿದ. ಇಬ್ಬರೂ ಉರುಳಿ ಕಂಬಕ್ಕೆ ಬಡಿದರು, ಕಂಬ ವಾಲಿ ಬಲೆ ಮೈಮೇಲೆ ಬಿತ್ತು. ಬಲೆಯೊಳಗೇ ಗುದ್ದಾಟ. ವಿಲ್ಮೆರ್‌ನ ಕೈಗೆ ಹಗ್ಗ ಬಿಗಿಯುವ ಕಬ್ಬಿಣದ ಗೂಟ ಸಿಕ್ಕಿತು. ಅದರಿಂದ ಲಿಸಾರ್ದೊನ ನೆತ್ತಿಗೆ ಇಕ್ಕಿದ. ರಕ್ತ ಹಣೆಯಿಂದ ಇಳಿದು ಎರಡೂ ಕಣ್ಣು ತುಂಬಿತು, ಬಿಳಿ ಅಂಗಿ ಎದೆಯವರೆಗೂ ಕೆಂಪಾಯಿತು.

ನಾವು ಬಿಡಿಸಲು ಹೋಗಲಿಲ್ಲ. ಲಿಸಾರ್ದೊ ಹೊಡೆದುಕೊಡುವಾಗ ನಡುವೆ ಹೋಗುವುದುಂಟೇ?

"ಯಾರು ಕೇಳಿದ್ದಂತೆ?" ಅಂತ ಒಬ್ಬ.

"ಇನ್ಯಾರು, ನಾರ್ಸಿಸಾನೇ. ಕೊನೆಗೂ ಬಾಯಿ ಬಿಟ್ಟಳು!" ಅಂತ ಇನೆಸ್ ತಟ್ಟೆ ಕೆಳಗಿಟ್ಟು ಚಪ್ಪಾಳೆ ತಟ್ಟಿದಳು. "ಹಾಕಿ ತಾಯ್ತಾ, ಆ ಕಣ್ಣಿಗೊಂದು ಹಾಕಿ! ಅವಳ ಕಣ್ಣಿಗೆ ಇದೇ ಲೆಕ್ಕ!"

ಲಿಸಾರ್ದೊ ಗೂಟ ಹಿಡಿದ ಕೈಯನ್ನು ಮೊಣಕೈಯ ಹತ್ತಿರ ಹಿಂದಕ್ಕೆ ಮಡಿಸಿದ. ಲಟಕ್ಕೆಂದಿತು. ವಿಲ್ಮೆರ್ ಊಳಿಟ್ಟ. ಆಮೇಲೆ ಲಿಸಾರ್ದೊ ಸೊಂಟದಿಂದ ಚೂರಿ ಎಳೆದ.

ಚಪ್ಪಾಳೆ ನಿಂತುಹೋಯಿತು. ಇಷ್ಟು ವರ್ಷದಲ್ಲಿ ಪಾರ್ಕಿನಲ್ಲಿ ಅವನ ಕೈಯಲ್ಲಿ ಅಲಗು ಕಂಡವರಿಲ್ಲ.

ಇರಿತಕ್ಕೆ ವಿಲ್ಮೆರ್ ಒಳ್ಳೆಯ ಕೈ ಅಡ್ಡ ತಂದ. ಅಲಗು ಅಂಗೈಯನ್ನು ಸೀಳಿ ಬೆರಳುಗಳ ಬುಡಕ್ಕೆ ಇಳಿಯಿತು. ವಿಲ್ಮೆರ್ ಕೈ ಕಿತ್ತುಕೊಂಡು ಕಾರಂಜಿಯ ಕಡೆ ಓಡಿದ. ಕಟ್ಟೆ ಹಾರಿ ಮೊಣಕಾಲುದ್ದದ ನೀರಿಗೆ ಬಿದ್ದ. ಲಿಸಾರ್ದೊ ಹಿಂದೆಯೇ ಇಳಿದು ಹಿಡಿದು ಅಂಗಾತ ಕೆಡವಿ ಎದೆಯ ಮೇಲೆ ಮಂಡಿಯೂರಿದ. ದೊಡ್ಡ ಚೆಂಡಿನ ಬುಡದಲ್ಲಿ, ನೀರಿನ ಹನಿ ಇಬ್ಬರ ಮೇಲೂ ಮಳೆಯಂತೆ ಸುರಿಯುತ್ತಿತ್ತು. ಎಡಗೈಯಿಂದ ವಿಲ್ಮೆರ್‌ನ ಎಡತೋಳನ್ನು ಮೇಲಕ್ಕೆತ್ತಿ ಹಿಡಿದು, ಕಂಕುಳ ಕೆಳಗೆ ಎಲುಬುಗಳ ಸಂದು ಹುಡುಕಿ ಚೂರಿಯ ಮೊನೆ ಇಟ್ಟ.

ಅಷ್ಟರಲ್ಲಿ ನಾರ್ಸಿಸಾ ಬಂದಳು. ನಮ್ಮ ಬೆಟ್ಟದ ಯಾವ ಹೆಂಗಸಿಗೂ ಆ ಪಟ್ಟು ಹೇಳಿಕೊಡಬೇಕಾಗಿಲ್ಲ. ಎಡಗಾಲೆತ್ತಿ ಹೃದಯಕ್ಕೆ ದಾರಿ ನೋಡುವ ಪಟ್ಟು, ಹಂದಿಯ ಪಟ್ಟು. ಏನಾಗಿದೆ ಅಂತ ಅವಳಿಗೆ ಒಂದೇ ಉಸಿರಿನಲ್ಲಿ ತಿಳಿದುಹೋಯಿತು.

"ಹಂದಿ ತಾಯ್ತಾ! ನಾ ಕೇಳಿದ್ದು ಹಂದಿಗೆ! ಗರಾಜಲ್ಲಿ ಹಂದಿ ಇದೆ!"

ಲಿಸಾರ್ದೊನ ಕೈ ನಿಂತಿತು. ಮೊನೆ ಉಗುರಿನಷ್ಟು ಒಳಗೆ ಹೋಗಿತ್ತು. ರಕ್ತ ತುಂಬಿದ ಕಣ್ಣೆತ್ತಿ ಅವಳು ಎಲ್ಲಿದ್ದಾಳೆ ಅಂತ ಹುಡುಕಿದ.

"ಹಂದಿನಾ?"

"ಹಂದಿ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಹೆದರಿಕೆಯ ನಗು, ಬೇಡವೆಂದರೂ ಬರುವಂಥದ್ದು. ಒಬ್ಬರಿಂದ ಒಬ್ಬರಿಗೆ ಹತ್ತಿತು. ಮಂಡಿಯ ಅಡಿ ಬಿದ್ದಿದ್ದ ವಿಲ್ಮೆರ್ ಕೂಡ ನಕ್ಕುಬಿಟ್ಟ. ಬಾಯಿಂದ ನೀರೂ ರಕ್ತವೂ ಬಂತು.

"ಕೇಳಿಸ್ತಾ ಮುದುಕ? ಹಂದಿಯಂತೆ!" ಅಂದ. "ನನ್ನ ಕೊಲ್ಲೋಕೆ ಕೇಳ್ತಾಳಂತೆ ಇವಳು! ಉಪ್ಪು ಬೇಕಾದ್ರೂ ನನ್ನ ಮುಖ ನೋಡಿ ನಡುಗ್ತಾಳೆ. ಅಷ್ಟು ಗಂಡಸ್ತನ ಎಲ್ಲಿಂದ ಬರ್ಬೇಕು ಇದಕ್ಕೆ? ಏ, ನಿಂತ್ಕೊಂಡು ಏನ್ ನೋಡ್ತೀಯ, ಬಿಡಿಸೇ ನನ್ನ!"

ಲಿಸಾರ್ದೊ ಚೂರಿ ಹಿಂದಕ್ಕೆ ತೆಗೆದ. ಮೇಲೇಳಲು ಮಂಡಿ ಸಡಿಲಿಸಿದ.

"ಏಳ್ಬೇಡಿ ತಾಯ್ತಾ," ಅಂದಳು ನಾರ್ಸಿಸಾ.

ಅವಳು ಕಟ್ಟೆ ದಾಟಿ ನೀರಿಗಿಳಿದಳು. ಕತ್ತಿಗೆ ಕಟ್ಟಿದ ತೋಳನ್ನು ಬಟ್ಟೆಯಿಂದ ಬಿಡಿಸಿಕೊಂಡಳು.

"ಹಿಡಿದ್ಕೊಡಿ," ಅಂದಳು.

ಲಿಸಾರ್ದೊ ಚೂರಿಯನ್ನು ಕಟ್ಟೆಯ ಮೇಲೆಸೆದು ಹಿಡಿದುಕೊಟ್ಟ.

ಅವಳು ಬೇಸಿನ್ನನ್ನು ಎರಡೂ ಕೈಯಲ್ಲಿ ಎತ್ತಿ ಅಂಚಿನಿಂದ ಹೊಡೆದಳು. ಮೊದಲ ಏಟಿಗೆ ಮೂಗು ಹೋಯಿತು. ಉಪ್ಪು ಗಾಯಕ್ಕೆ ಬಿದ್ದು ವಿಲ್ಮೆರ್ ಹಂದಿಯಂತೆಯೇ ಕಿರುಚಿದ. ಅವಳು ಬೈಯಲಿಲ್ಲ, ಅಳಲಿಲ್ಲ, ಒನಕೆ ಎತ್ತಿ ಹಾಕುವವಳ ಹಾಗೆ ಉಸಿರು ಬಿಡುತ್ತ ಹೊಡೆದಳು. ಬೇಸಿನ್ನಿನ ಬಿಳಿ ಎನಾಮಲ್ ಚೂರುಚೂರಾಗಿ ಹಾರಿ ನೀರಿಗೆ ಬಿತ್ತು. ಒಂದು ಏಟು ತಪ್ಪಿ ಲಿಸಾರ್ದೊನ ಬೆರಳಿಗೆ ಬಿತ್ತು. ಅವನು ಕೈ ಬಿಡಲಿಲ್ಲ. ವಿಲ್ಮೆರ್ ಮೊದಲು ಬೈದ, ಆಮೇಲೆ ದೇವರನ್ನು ಕರೆದ, ಕೊನೆಗೆ ಅವಳ ಹೆಸರು ಹಿಡಿದು ಬೇಡಿದ. ನೋಯುವ ತೋಳು ಮೇಲೇಳದೆ ಹೋದಾಗ ಅವಳು ನಿಲ್ಲಿಸಿದಳು.

"ಮನೆಗೆ ಬರ್ಬೇಡ," ಅಂದಳು. "ಬಂದ್ರೆ ಗರಾಜಲ್ಲಿ ಹಂದಿ ಜಾಗ ಖಾಲಿ ಇರ್ತದೆ."

ಮುದುಕಿ ಎತೆಲ್ವಿನಾ ಶಿಲುಬೆಯ ಗುರುತು ಹಾಕಿಕೊಂಡಳು. ಗಾದೆ ಅವಳ ಬಾಯಿಗೆ ಬರಲಿಲ್ಲ.

ದೂರದಲ್ಲಿ ಪೊಲೀಸರ ಸೈರನ್ ಕೇಳಿಸಿತು. ಲಿಸಾರ್ದೊ ಕಟ್ಟೆಯ ಮೇಲೆ ಚೂರಿಯ ಪಕ್ಕ ಕೂತು ಅಂಗಿಯ ತುದಿಯಿಂದ ಕಣ್ಣೊರೆಸಿಕೊಂಡ.

"ನೀ ಹೋಗು ತಾಯಿ," ಅಂದ. "ಬೇಸಿನ್ ತಗೊಂಡ್ಹೋಗು."

"ತಾಯ್ತಾ, ನಾನು ಆವತ್ತು ಸರಿಯಾಗಿ ಹೇಳಿದ್ರೆ..."

"ನೀ ಸರಿಯಾಗೇ ಹೇಳ್ದೆ. ನನ್ನ ಕಿವಿ ಹಳೇದು. ಹೋಗು ಅಂದ್ನಲ್ಲ."

ಇನೆಸ್ ಅವಳ ಏಪ್ರನ್ ಬಿಚ್ಚಿಸಿ ತನ್ನ ತಟ್ಟೆಯ ಬಟ್ಟೆಯಲ್ಲಿ ಸುತ್ತಿಕೊಂಡು, ಅವಳನ್ನು ಜನರ ನಡುವೆ ನುಗ್ಗಿಸಿಕೊಂಡು ಹೋದಳು.

ಅಪಾಯವಿದ್ದದ್ದು ಆಮೇಲೆಯೇ. ಗುಂಪಿನಲ್ಲಿ ಅರ್ಧ ಜನ ನಾರ್ಸಿಸಾ ಕೇಳಿದಳು, ನಾರ್ಸಿಸಾ ಕೇಳಿದಳು ಅಂತ ಕೂಗಿದ್ದರು. 'ಕೊಂದುಕೊಡಿ ಅಂದೆ' ಅಂತ ಅವಳು ನಿಜವನ್ನೇ ಹೇಳಿದ್ದರೂ, ಅದು ಇಂಗ್ಲಿಷಿಗೆ ಹೋಗಿ ನಿಲ್ಲುವ ಹೊತ್ತಿಗೆ ಗಂಡನನ್ನು ಕೊಲ್ಲಿಸಲು ಆಳು ಹಿಡಿದವಳಾಗುತ್ತಿದ್ದಳು. ಮಕ್ಕಳು ಯಾರ ಮನೆ ಸೇರುತ್ತಿದ್ದವೋ. ದುಭಾಷಿಯಾಗಿ ಬಂದ ಹೆಂಗಸು ಸ್ಪ್ಯಾನಿಷ್ ಆಡುವವಳೇ, ಆದರೆ ಕಡಲ ಕಡೆಯವಳು, ನಮ್ಮ ಬೆಟ್ಟದ ಮಾತು ಕಂಡವಳಲ್ಲ.

"ಯಾರು ಕಳ್ಸಿದ್ದು ನಿಮ್ಮನ್ನ?" ಅಂತ ಅವಳು ಲಿಸಾರ್ದೊನನ್ನು ಕೇಳಿದಳು.

"ಯಾರೂ ಕೇಳಿರ್ಲಿಲ್ಲ," ಅಂದ. "ನನ್ನ ಜಗಳ."

ಠಾಣೆಯಲ್ಲಿ ಅದನ್ನೇ ಹೇಳಿದ, ಕೋರ್ಟಿನಲ್ಲೂ ಅದನ್ನೇ. ವಕೀಲ ಎಷ್ಟು ತಿವಿದರೂ ಬೇರೆ ಮಾತಿಲ್ಲ. ಜೀವನದಲ್ಲಿ ಎರಡನೆಯ ಸಲ ತನ್ನದೊಂದು ಜಗಳ ಒಪ್ಪಿಕೊಂಡ. ಸುಳ್ಳಲ್ಲವಲ್ಲ, ಯಾರೂ ಕೇಳಿರಲಿಲ್ಲವಷ್ಟೇ.

ವಿಲ್ಮೆರ್ ಆಸ್ಪತ್ರೆಯಲ್ಲಿ ಚೂರಿಯ ಬಗ್ಗೆ ಎಲ್ಲ ಹೇಳಿದ, ಬೇಸಿನ್ನಿನ ಬಗ್ಗೆ ತುಟಿ ಬಿಚ್ಚಲಿಲ್ಲ. ಹೆಂಡತಿಯ ಕೈಲಿ ಹೊಡೆಸಿಕೊಂಡೆ ಅಂತ ಹೇಳುವುದಕ್ಕಿಂತ ಮೂಗಿಲ್ಲದೆ ಬದುಕುವುದೇ ವಾಸಿ ಅನ್ನಿಸಿರಬೇಕು. ಬೆರಳುಗಳು ಮತ್ತೆ ಮಡಿಸಲು ಬರಲಿಲ್ಲ. ಯಾವುದೋ ದೂರದ ರಾಜ್ಯಕ್ಕೆ ಹೋದನಂತೆ. ಮನೆಗಂತೂ ಬರಲಿಲ್ಲ. ನಾರ್ಸಿಸಾಳ ತಳ್ಳುಬುಟ್ಟಿ ಇವತ್ತಿಗೂ ಭಾನುವಾರ ಭಾನುವಾರ ಬರುತ್ತದೆ, ಗಿಡ್ಡ ತೋಳಿನ ಅಂಗಿ ಹಾಕಿಕೊಂಡು ಬರುತ್ತಾಳೆ. ಮಾಂಸಕ್ಕೆ ಖಾರ ಜಾಸ್ತಿ ಅಂತ ಯಾರಾದರೂ ಗೊಣಗಿದರೆ, "ಬೇಡಾದ್ರೆ ಇಟ್ಟು ಹೋಗು," ಅನ್ನುತ್ತಾಳೆ.

ಲಿಸಾರ್ದೊ ಉತ್ತರದ ಜೈಲಿನಲ್ಲಿ ಶಿಕ್ಷೆ ಮುಗಿಸಿದ. ಬಾಗಿಲು ತೆರೆದವರು ಅಲ್ಲಿಂದಲೇ ವಿಮಾನಕ್ಕೆ ಹತ್ತಿಸಿ ದೇಶಕ್ಕೆ ಕಳಿಸಿಬಿಟ್ಟರು. ಪಾರ್ಕು ಮತ್ತೆ ನೋಡಲಿಲ್ಲ. ಈಗ ಬೆಟ್ಟದ ಮೇಲೆ ಅಣ್ಣನ ಮಗನ ಮನೆಯಲ್ಲಿದ್ದಾನೆ. ಅರ್ಧ ಕಿವಿ, ನೆತ್ತಿಯ ಮೇಲೆ ಒಂದು ಗುಳಿ. ಯಾರಿಗೂ ಹೊಡೆದುಕೊಡುವುದಿಲ್ಲ. ಹಂದಿ ಕೊಂದುಕೊಡುತ್ತಾನೆ, ಆದರೆ ಊರವರಿಗೆ ಅವನ ಹೊಸ ಪದ್ಧತಿ ಕಂಡು ಮೈಯುರಿ. ಮೊನ್ನೆ ಅಣ್ಣನ ಮಗ ಫೋನಿನಲ್ಲಿ ಹೇಳಿ ಹೇಳಿ ನಕ್ಕ. ನೆರೆಮನೆಯ ಹೆಂಗಸು ಕರೆದಳಂತೆ, ಕೊಂದುಕೊಡಿ ತಾಯ್ತಾ ಅಂತ. ಇವನು ಹೋಗಿ ಚೂರಿ ಹಿಡಿದು ಅಂಗಳದಲ್ಲಿ ನಿಂತನಂತೆ.

"ಯಾವುದನ್ನ?"

"ಯಾವುದನ್ನ ಅಂದ್ರೆ? ಹಂದಿ ತಾಯ್ತಾ!"

"ಮುಟ್ಟಿ ತೋರ್ಸು."

"ಇರೋದೇ ಒಂದು! ಎದುರಿಗೇ ಕಟ್ಟಿದೆ! ಗಂಡ, ಮಕ್ಳು, ನೆಂಟ್ರು ಎಲ್ಲ ನಿಂತು ನೋಡ್ತಿದಾರೆ, ಏನ್ ತಮಾಷೆ ಇದು?"

"ಅದಕ್ಕೇ ಮತ್ತೆ," ಅಂದನಂತೆ ಲಿಸಾರ್ದೊ. "ಮುಟ್ಟು."